ಚಿತ್ತವಾಡ್ಗಿಯ ಕುರ್ಚಿ ಬಡಿಗೇರಣ್ಣ

ಕುರ್ಚಿ ಬೇಕೆಂದು ಯಾರಾದರೂ ಬಂದರೆ ಬಡಿಗೇರಣ್ಣ ಎತ್ತರ ಕೇಳುತ್ತಿರಲಿಲ್ಲ, ಅಗಲವನ್ನೂ ಕೇಳುತ್ತಿರಲಿಲ್ಲ. "ಕುಂದ್ರಿ, ಒಂದೀಟು ಮಾತಾಡಾಣ" ಅನ್ನುತ್ತಿದ್ದರು. ಕೂರುವುದಕ್ಕೆ ಅಲ್ಲಿ ಇದ್ದದ್ದು ಒಂದು ಬೇವಿನ ದಿಮ್ಮಿ. ಬಂದವರು ಅದರ ಮೇಲೆ ಕೂತು ಮಳೆ, ಬೆಳೆ, ಮಗಳ ಮದುವೆ, ತಡವಾಗಿ ಬಂದ ರೈಲು ಎಂದೆಲ್ಲ ಮಾತಾಡುತ್ತಿದ್ದರೆ ಇವರು ಹಲಗೆಗೆ ರಂದ ಹೊಡೆಯುತ್ತಲೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಯಾರು ಬೆನ್ನು ಬಗ್ಗಿಸಿ ಕೂರುತ್ತಾರೆ, ಯಾರು ಒಂದೇ ತೊಡೆಯ ಮೇಲೆ ಭಾರ ಬಿಡುತ್ತಾರೆ, ಯಾರಿಗೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ ಎಂಬುದೆಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ತಾವು ಅಳತೆ ಕೊಡುತ್ತಿದ್ದೇವೆ ಎಂಬುದು ಬಂದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮಾತು ಮುಗಿದಾಗ "ಆತ್ರಿ, ಹೋಗಿ ಬರ್ರಿ, ಅಮಾಸಿಗೆ ಕೊಡ್ತೀನಿ" ಎನ್ನುತ್ತಿದ್ದರು. ಯಾವ ಅಮಾವಾಸ್ಯೆ ಎಂದು ಮಾತ್ರ ಹೇಳುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ಈ ಬೇಸಗೆಯಲ್ಲಿ ಹೊಸಪೇಟೆಯಿಂದ ನಾವೀಗ ಇರುವ ಸಂಡೂರಿಗೆ ಬೆಲ್ಲ ಹೇರಿಕೊಂಡು ಬಂದ ಬಂಡಿಯವನು ಹೇಳಿದ. ಕೇಳಿ ಒಳಗೆ ಹೋಗಿ ಗೋಡೆಗೆ ಒರಗಿ ನಿಂತೆ. ಕಣ್ಣು ತುಂಬಿತು, ಆಮೇಲೆ ನಗುವೂ ಬಂತು. ಅವರನ್ನು ನೆನೆದು ನಗದೆ ಇರುವುದು ನಮ್ಮ ಓಣಿಯಲ್ಲಿ ಯಾರ ಕೈಯಲ್ಲೂ ಆಗುತ್ತಿರಲಿಲ್ಲ.

ನಾನು ಮೆಟ್ರಿಯ ಮಗಳು, ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯ ಸೊಸೆ. ನಾನು ಬಂದಾಗ ಆ ಮನೆಯಲ್ಲಿದ್ದವರು ನಮ್ಮ ಅತ್ತೆ ಮತ್ತು ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ಇಬ್ಬರೇ. ಹಿತ್ತಲಿಗೆ ಎದೆಯುದ್ದದ ಮಣ್ಣಿನ ಗೋಡೆ. ಗೋಡೆಯ ಆಚೆಗೆ ಬಡಿಗೇರಣ್ಣನ ಚಪ್ಪರ, ಚಪ್ಪರದ ಕೆಳಗೆ ಅವರ ಕೆಲಸ. ಮದುವೆಯಾಗಿ ಬಂದ ಮೊದಲ ದಿನಗಳಲ್ಲಿ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದುದು ಅವರ ಗರಗಸದ ಸದ್ದು, ಅದರ ಹಿಂದೆಯೇ ಅವರ ಹೆಂಡತಿಯ ಬೈಗುಳ. ಓಣಿಯವರೆಲ್ಲ ಅವರನ್ನು ಕುರ್ಚಿ ಬಡಿಗೇರ ಎನ್ನುತ್ತಿದ್ದರು. ನನಗೆ ಅವರು ಬಡಿಗೇರಣ್ಣ, ಅವರ ಹೆಂಡತಿ ಬಡಿಗೇರಕ್ಕ.

ಬಡಿಗೇರಣ್ಣನ ಅಪ್ಪ ಚೋರನೂರಿನಲ್ಲಿ ಬಂಡಿ, ನೇಗಿಲು, ಕುಂಟೆ ಮಾಡಿಕೊಡುವವರು. ಸುಗ್ಗಿಯಲ್ಲಿ ರೈತರು ಕೊಡುವ ಕಾಳಿನಲ್ಲಿ ಮನೆ ನಡೆಯುತ್ತಿತ್ತು. ಬಡಿಗೇರಣ್ಣ ಹರೆಯಕ್ಕೆ ಬಂದವರೇ ಬಳ್ಳಾರಿಗೆ ಓಡಿಹೋಗಿ, ದಂಡಿನವರಿಗೆ ಸಾಮಾನು ಒದಗಿಸುತ್ತಿದ್ದ ಕಂತ್ರಾಟದಾರನೊಬ್ಬನ ಹತ್ತಿರ ಕುರ್ಚಿ ಕೆಲಸ ಕಲಿತರು. ಅಲ್ಲಿ ವರ್ಷವಿಡೀ ಒಂದೇ ನಮೂನೆಯ ಕುರ್ಚಿ. ಬೇಸತ್ತು ಹೊಸಪೇಟೆಗೆ ಬಂದು ಸ್ವಂತಕ್ಕೆ ಚಪ್ಪರ ಹಾಕಿದರು.

"ಊರಾಗಿದ್ರ ಊರ ಬಡಿಗ, ಬಳ್ಳಾರ್ಯಾಗಿದ್ರ ಕಂತ್ರಾಟದಾರನ ಬಡಿಗ. ನನ್ನ ಬಡಿಗ ನಾನ ಆಗ್ಬೇಕು ಅಂತ ಇಲ್ಲಿಗೆ ಬಂದೆ ನೋಡವ್ವ" ಎಂದು ಒಮ್ಮೆ ನನಗೆ ಹೇಳಿದ್ದರು.

"ಅದಕ್ಕ ಕೂಲಿ ಕೊಡೋರು ಯಾರೂ ಇಲ್ಲ" ಎಂದು ಒಳಗಿನಿಂದ ಬಡಿಗೇರಕ್ಕನ ದನಿ ಬಂತು. ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದುದು ಆಕೆಯೇ. ಆಕೆ ಹೆಣೆದ ಬೆತ್ತದ ಮೇಲೆ ನೀರು ಚೆಲ್ಲಿದರೆ ಹನಿ ಕೆಳಗಿಳಿಯಲು ದಾರಿ ಹುಡುಕಬೇಕಾಗುತ್ತಿತ್ತು.

ಆದರೆ ಒಂದು ಮಾತು. ಆಗ ನಮ್ಮ ಕಡೆ ಕುರ್ಚಿ ಯಾರಿಗೆ ಬೇಕಾಗಿತ್ತು? ಮನೆಯಲ್ಲಿ ಜಮಖಾನೆ, ಬೀದಿಯಲ್ಲಿ ಕಟ್ಟೆ, ಹೊಲದಲ್ಲಿ ಬದು. ಕುರ್ಚಿ ಇದ್ದದ್ದು ಕಚೇರಿಯಲ್ಲಿ, ಅದರಲ್ಲಿ ಸಾಹೇಬ ಕೂರುತ್ತಿದ್ದ, ಎದುರಿಗೆ ನಾವು ನಿಲ್ಲುತ್ತಿದ್ದೆವು. ಹಾಗಾಗಿ ಕುರ್ಚಿ ಮಾಡಿಸಲು ಬರುತ್ತಿದ್ದವರಿಗೆ ಕೂರುವುದಕ್ಕಿಂತ, ಕೂತದ್ದು ನಾಲ್ಕು ಜನಕ್ಕೆ ಕಾಣಬೇಕೆಂಬುದೇ ಮುಖ್ಯವಾಗಿರುತ್ತಿತ್ತು. ಬಡಿಗೇರಣ್ಣನಿಗೂ ಅವರಿಗೂ ಜಟಾಪಟಿ ಅಲ್ಲಿಯೇ ಶುರುವಾಗುತ್ತಿತ್ತು.

ನಮ್ಮ ಯಜಮಾನರ ಗಿರಣಿಯ ಸಾಹುಕಾರರು ಕಂಪ್ಲಿಯವರು. ಕಂಪ್ಲಿಯಲ್ಲಿ ಇವರ ಎದುರು ಮನೆಯವರು ಹುಲಿ ಪಂಜದ ಕಾಲಿರುವ ಕುರ್ಚಿ ತರಿಸಿದರಂತೆ. ಸಾಹುಕಾರರಿಗೆ ನಿದ್ದೆ ಹತ್ತಲಿಲ್ಲ. ಹೊಸಪೇಟೆಗೆ ಬಂದವರೇ ಬೇವಿನ ದಿಮ್ಮಿಯ ಮೇಲೆ ಕೂತು, ತಲೆಗಿಂತ ಮೇಲೆ ಹೋಗುವ ಬೆನ್ನು ಬೇಕು, ಕೈ ಇಡುವಲ್ಲಿ ಎರಡು ಸಿಂಹದ ಮುಖ ಬೇಕು, ಸಿಂಹ ಬಾಯಿ ತೆಗೆದಿರಬೇಕು ಎಂದರು. ಬಡಿಗೇರಣ್ಣ ಎಲ್ಲದಕ್ಕೂ ಹೂಂ ಎಂದು ಕಳಿಸಿದರು.

ಹಲವು ಅಮಾವಾಸ್ಯೆ ಕಳೆದ ಮೇಲೆ ಕುರ್ಚಿ, ಬಡಿಗೇರಣ್ಣನ ಸಮೇತ, ಬಂಡಿಯೇರಿ ಕಂಪ್ಲಿಗೆ ಹೋಯಿತು. ಜೊತೆಗೆ ಹೋಗಿದ್ದ ನಮ್ಮ ಯಜಮಾನರು ಬಂದು ಕಥೆ ಹೇಳಿದರು. ಸಾಹುಕಾರರು ಗೋಣಿಚೀಲ ಬಿಚ್ಚಿಸಿ ನೋಡುತ್ತಾರೆ: ಮಂಚದ ತುಂಡಿನಂತೆ ಅಗಲವಾದ, ಕುಳ್ಳಗಿನ ಕುರ್ಚಿ. ಬೆನ್ನು ಹೆಗಲವರೆಗೆ ಬಂದು ನಿಂತಿದೆ. ಸಿಂಹವಿರಲಿ, ಬೆಕ್ಕೂ ಇಲ್ಲ.

"ಸಿಂಹ ಎಲ್ಲೈತಿ?" ಎಂದು ಸಾಹುಕಾರರು ಗುಡುಗಿದರಂತೆ.

"ನೀವು ಕುಂದ್ರಿ ಸಾಹುಕಾರ್ರ, ಸಿಂಹ ತಾನ ಬರ್ತೈತಿ" ಎಂದರಂತೆ ಬಡಿಗೇರಣ್ಣ.

ಇಂಥ ಮಾತಿಗೆ ಕೂರದೆ ಇರುವವರುಂಟೆ? ಸಾಹುಕಾರರು ಕೂತರು. ಕೂತ ಕೂಡಲೇ, ತಮಗೇ ಅರಿವಿಲ್ಲದೆ, ಎರಡೂ ಕಾಲನ್ನು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿದರು. ಗಿರಣಿಯ ಗಾದಿಯ ಮೇಲೆ ಜೀವಮಾನವೆಲ್ಲ ಹಾಗೆಯೇ ಕೂತ ದೇಹ ಅದು. ಬೇವಿನ ದಿಮ್ಮಿಯ ಮೇಲೂ ಅವರು ಕಾಲು ಎಳೆದುಕೊಳ್ಳಲು ಹೋಗಿ ಬೀಳುವಂತಾಗಿದ್ದನ್ನು ಬಡಿಗೇರಣ್ಣ ನೋಡಿಟ್ಟುಕೊಂಡಿದ್ದರು. ಸಾಹುಕಾರರು ಬೈಯಲು ಬಾಯಿ ತೆರೆದವರು ಎಲೆ ಅಡಿಕೆ ತರಿಸಿದರು. ಮಧ್ಯಾಹ್ನದ ಊಟಕ್ಕೆ ಎಬ್ಬಿಸಿದರೆ ಅಲ್ಲಿಯೇ ತರಲು ಹೇಳಿದರಂತೆ.

ಹೀಗೆಂದು ಅವರನ್ನು ಸಾಧುಪುರುಷರೆಂದು ತಿಳಿಯಬೇಡಿ. ಬಡಾಯಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಶ್ರಾವಣದಲ್ಲಿ ಎರಡೂ ಮನೆಯವರು ಬಂಡಿ ಮಾಡಿಕೊಂಡು ಹಂಪಿಗೆ ಹೋಗಿದ್ದೆವು. ಎಲ್ಲರೂ ದೇವರಿಗೆ ಕೈ ಮುಗಿಯುತ್ತಿದ್ದರೆ ಇವರು ಮಂಟಪದ ನಡುವೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿ ಛಾವಣಿಯನ್ನೇ ನೋಡುತ್ತಿದ್ದರು.

"ದೇವರು ಮುಂದದಾನ, ಮ್ಯಾಲೇನು ನೋಡ್ತೀಯಪ?" ಎಂದು ಅತ್ತೆ ಗದರಿದರು.

"ಅಮ್ಮಾರ, ಆ ತೊಲಿ ನೋಡ್ರಿ, ಕಂಬದ ತಲಿ ಮ್ಯಾಲಿನ ಆ ಬೋದಿಗಿ ನೋಡ್ರಿ. ಇದೆಲ್ಲ ನಮ್ಮ ಕಟ್ಟಿಗಿ ಕೆಲಸದ ನಕಲು. ಕಲ್ಲಿನೋರು ನೋಡಿ ಕದ್ದಾರ. ನಮ್ಮೋರು ಮಾಡಿದ್ದು ಸುಟ್ಟು ಹೋತು, ಅವರು ಮಾಡಿದ್ದು ಉಳೀತು. ಹೆಸರೆಲ್ಲ ಅವರಿಗೆ ಬಂತು."

"ನೀನು ಒಂದು ಕಲ್ಲಿನ ಕುರ್ಚಿ ಮಾಡು, ಉಳೀತೈತಿ" ಎಂದರು ಅತ್ತೆ. ಬಡಿಗೇರಣ್ಣ ಬಂಡಿ ಕಮಲಾಪುರ ದಾಟುವವರೆಗೂ ಮಾತಾಡಲಿಲ್ಲ. ಅವರ ಬಾಯಿ ಕಟ್ಟಿಸುವ ಶಕ್ತಿ ಇದ್ದದ್ದು ನಮ್ಮ ಅತ್ತೆಗೆ ಒಬ್ಬರಿಗೇ.

ಇನ್ನು ನನ್ನ ಕಾಲಿನ ಮಾತು ಹೇಳಬೇಕು. ಅದನ್ನು ಬಿಟ್ಟು ಅವರ ಬಗ್ಗೆ ಬರೆಯಲು ನನಗೆ ಆಗುವುದಿಲ್ಲ.

ನನ್ನ ಮಗಳಿಗೆ ಹಲ್ಲು ಬರುತ್ತಿದ್ದ ಕಾಲ. ಕಾಲುವೆಯಲ್ಲಿ ಬಟ್ಟೆ ಒಗೆದು, ಹಸಿ ಬಟ್ಟೆಯ ಹೊರೆ ಹೊತ್ತು ಮೆಟ್ಟಿಲು ಹತ್ತುವಾಗ ಪಾಚಿಯ ಮೇಲೆ ಜಾರಿ ಬಲ ಮೊಣಕಾಲಿನ ಮೇಲೆ ಬಿದ್ದೆ. ಎಲುಬು ಕೂಡಿಸುವವರು ಬಂದು ಸೊಪ್ಪಿನ ಪಟ್ಟು ಹಾಕಿ ಬಿದಿರಿನ ದಬ್ಬೆ ಕಟ್ಟಿದರು. ಎಲುಬೇನೋ ಕೂಡಿತು, ಮೊಣಕಾಲು ಮಾತ್ರ ಮಡಚುವುದನ್ನು ಮರೆತುಬಿಟ್ಟಿತು. ನಿಲ್ಲುತ್ತಿದ್ದೆ, ನಡೆಯುತ್ತಿದ್ದೆ. ಕೆಳಗೆ ಕೂರಲು ಬರುತ್ತಿರಲಿಲ್ಲ. ಹೇಗೋ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು.

ಕೂರಲು ಬಾರದ ಹೆಂಗಸಿಗೆ ಆಗಿನ ಮನೆಯಲ್ಲಿ ಕೆಲಸವೇ ಇರಲಿಲ್ಲ. ಒಲೆ ನೆಲದಲ್ಲಿ, ಬೀಸುಕಲ್ಲು ನೆಲದಲ್ಲಿ. ರೊಟ್ಟಿ ಬಡಿಯುವುದು, ಕಾಳು ಹಸನು ಮಾಡುವುದು, ಪಾತ್ರೆ ಬೆಳಗುವುದು, ಉಣ್ಣುವುದು ಎಲ್ಲವೂ ನೆಲದಲ್ಲೇ. ಅಷ್ಟನ್ನೂ ಅತ್ತೆ ಒಬ್ಬರೇ ಮಾಡತೊಡಗಿದರು. ಅವರದೂ ಮುದಿಮೈ. ಬಾಯಲ್ಲಿ ಏನೂ ಅನ್ನುತ್ತಿರಲಿಲ್ಲ, ಬೀಸುಕಲ್ಲು ತಿರುಗಿಸುವಾಗ ನಿಟ್ಟುಸಿರು ಮಾತ್ರ ದೊಡ್ಡದಾಗಿ ಬಿಡುತ್ತಿದ್ದರು.

ಅತ್ತೆಯ ಅಕ್ಕ, ನಮ್ಮ ಯಜಮಾನರ ದೊಡ್ಡವ್ವ, ಕಂಪ್ಲಿಯಲ್ಲಿದ್ದರು. ನನ್ನನ್ನು ನೋಡಲು ಬಂದವರು ತಂಗಿಯನ್ನು ಪಡಸಾಲೆಗೆ ಕರೆದು ಹೇಳಿದ್ದು ನನಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದರೋ ಏನೋ.

"ಆಕಿನ ಮೆಟ್ರಿಗೆ ಕಳಿಸಿಬಿಡು. ಕಾಲು ಮಡಚಾಕ ಬರ್ದಾಕಿ ಮನಿಗೆ ಎದಕ್ಕ ಬೇಕು? ನಮ್ಮ ಕಡಿ ಒಂದು ಹುಡುಗಿ ಐತಿ, ಗಟ್ಟಿ ಮೈಯಿ. ನಾನು ಮಾತಾಡ್ತೀನಿ."

"ನೋಡಾಣ ತಗ ಅಕ್ಕಾ" ಎಂದರು ಅತ್ತೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಲ್ಲಿಯೇ ಇದ್ದ ನಮ್ಮ ಯಜಮಾನರು ಮೆಲ್ಲಗೆ ಎದ್ದು ಹೊರಗೆ ಹೋದರು. ಅವರು ಕೆಟ್ಟವರಲ್ಲ. ಹಿರಿಯರ ಎದುರು ಬಾಯಿ ಬಾರದವರು. ಆ ಮೌನ ನನ್ನನ್ನು ಮೊಣಕಾಲಿಗಿಂತ ಹೆಚ್ಚು ನೋಯಿಸಿತು.

ಮರುದಿನ ಹಿತ್ತಲಲ್ಲಿ ಊಟದ ಗಂಗಾಳವನ್ನು ಗೋಡೆಯ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದೆ. ಆಚೆಯಿಂದ ಬಡಿಗೇರಣ್ಣ ತಲೆ ಎತ್ತಿದರು.

"ಯಾಕವ್ವ ತಂಗಿ, ರೈಲು ಬಿಟ್ಟು ಹೋಗತೈತೇನು, ನಿಂತ್ಕಂಡು ಉಣ್ಣಾಕ ಹತ್ತೀಯಲ್ಲ?"

ಎಂದಿನ ತಮಾಷೆಯೇ. ನನಗೆ ಮಾತ್ರ ಅಳು ಬಂತು. ಹೆಂಗಸರ ಅಳು ಕಂಡರೆ ಅವರಿಗೆ ದಿಕ್ಕು ತೋಚುತ್ತಿರಲಿಲ್ಲ. ಕೈಯಲ್ಲೇ ಉಳಿ ಇದ್ದರೂ ಉಳಿ ಹುಡುಕುವವರಂತೆ ಅತ್ತಿತ್ತ ನೋಡಿದರು. ಹೆಂಡತಿಯನ್ನು ಕೂಗಿದರು. ಬಡಿಗೇರಕ್ಕ ಗೋಡೆಗೆ ಬಂದು ನನ್ನ ಬಾಯಿಂದ ಎಲ್ಲವನ್ನೂ ಕೇಳಿ, ಕಂಪ್ಲಿಯ ದೊಡ್ಡವ್ವನಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರು. ಬೈಗುಳ ಮುಗಿದ ಮೇಲೆ ಬಡಿಗೇರಣ್ಣ ನಮ್ಮ ಬಾವಿಕಟ್ಟೆಯ ಕಡೆಗೆ ಕೈ ತೋರಿಸಿದರು.

"ಅಳಾದು ಆಮ್ಯಾಲ ಇರ್ಲಿ. ಈಗ ಆ ಕಟ್ಟಿ ಮ್ಯಾಲ ಕುಂದ್ರಾಕ ಹೋಗು, ನೋಡಾಣ" ಎಂದರು.

ನಾನು ಬಾವಿಕಟ್ಟೆಗೆ ಒರಗಿ ಹೇಗೋ ಕೂತೆ. ಅವರು ನೋಡಿದರು. ಇನ್ನೊಂದು ಸಲ ಎಂದರು. ಮತ್ತೆ ನೋಡಿದರು. ಆಮೇಲೆ ಒಂದು ನೂಲಿನ ದಾರ ಹಿಡಿದುಕೊಂಡು ಬೀದಿ ಸುತ್ತಿ ನಮ್ಮ ಮನೆಯ ಮುಂಬಾಗಿಲಿಗೆ ಬಂದರು.

"ಅಮ್ಮಾರ, ನಿಮ್ಮ ಒಲಿ ಎಷ್ಟು ಎತ್ತರ ಐತಿ?"

"ನನ್ನ ಒಲಿ ಎತ್ತರ ತಗಂಡು ನೀನೇನು ಮಾಡ್ತೀಯಪ?" ಎಂದರು ಅತ್ತೆ.

"ನಿಮ್ಮ ಸೊಸಿಗೆ ಕುಂದ್ರಾಕ ಒಂದು ಮಾಡ್ತೀನ್ರಿ."

"ಕುರ್ಚಿಯೇನು? ಸೊಸಿ ಕುರ್ಚಿ ಮ್ಯಾಲ, ಅತ್ತಿ ನೆಲದ ಮ್ಯಾಲ. ಓಣಿಯೋರು ನೋಡಿ ನಗಬೇಕೇನು?"

"ಕುರ್ಚಿ ಅಂತ ಯಾರಂದ್ರು? ಕುಂದ್ರೋ ಮಣಿ ರೀ. ಕಾಲು ಬಂದಿರೋ ಮಣಿ."

"ಮಣಿಗೆ ಎಲ್ಲೆರ ಕಾಲು ಬರ್ತಾವೇನು?"

"ಕೂಸಿಗೆ ಹಲ್ಲು ಬರಂಗಿಲ್ಲೇನ್ರಿ? ಹಂಗ."

ಅತ್ತೆ ನಗು ತಡೆದುಕೊಳ್ಳಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಆದರೂ ಒಂದು ತೊಡಕಿತ್ತು. ನಮ್ಮದು ಲಿಂಗಪೂಜೆಯ ಮನೆ. ಅಡಿಗೆಮನೆಯೊಳಗೆ ಬೇರೆ ಜಾತಿಯವರು ಕಾಲಿಡುವಂತಿರಲಿಲ್ಲ, ಬಡಿಗೇರಕ್ಕನೂ ಸಹ. ಬಡಿಗೇರಣ್ಣ ದಾರವನ್ನು ಅತ್ತೆಯ ಕೈಗೆ ಕೊಟ್ಟರು.

"ನಿಮ್ಮ ಮಡಿ ನಿಮಗಿರ್ಲಿ. ಅಳತಿ ನೀವ ತಗೀರಿ. ಒಲಿ ಬಾಯಿಗೆ ಒಂದು ಗಂಟು, ರೊಟ್ಟಿ ಹಲಗಿಗೆ ಒಂದು ಗಂಟು, ಆಕಿ ಕೈ ಹೆಂಚಿಗೆ ಎಟಕೋ ದೂರಕ್ಕ ಒಂದು ಗಂಟು."

ಅತ್ತೆ ಗೊಣಗುತ್ತಲೇ ಒಳಗೆ ಹೋದರು. ಮೊದಲನೆಯ ಗಂಟು ಹಾಕುವಾಗ ಗೊಣಗುತ್ತಿದ್ದರು. ಎರಡನೆಯದು ಹಾಕುವಾಗ "ಸರಿ ನಿಂದ್ರು, ಅಲುಗಬ್ಯಾಡ" ಎಂದು ನನಗೆ ಹೇಳಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಹಾಕಿದ ಗಂಟನ್ನು ತಾವೇ ಬಿಚ್ಚಿ, "ಇಲ್ಲ, ಇನ್ನೊಂದೀಟು ಮುಂದ ಬರ್ಬೇಕು" ಎಂದು ಮತ್ತೆ ಹಾಕಿದರು.

ಮೊದಲು ಬಂದದ್ದು ಮೂರು ಕಾಲಿನ, ದುಂಡನೆಯ ಮಣೆ. ನೋಡಲು ಚೆಂದವಿತ್ತು. ಅದರ ಮೇಲೆ ಕೂತು ಒಲೆಯ ಕಡೆ ಬಾಗಿದೆ. ಮಡಚದ ಕಾಲು ಮರದ ಕೊರಡಿನಂತೆ ಮುಂದಕ್ಕೆ ಚಾಚಿಕೊಂಡು ನನ್ನನ್ನು ಎಡಕ್ಕೆ ತಳ್ಳಿತು. ಮಣೆಯೂ ನಾನೂ ಒಟ್ಟಿಗೆ ಉರುಳಿದೆವು. ಸಾರಿನ ಗಡಿಗೆ ಒಡೆಯಿತು. ಅತ್ತೆ ತೋಳು ಹಿಡಿದು ಎಳೆಯದಿದ್ದರೆ ನನ್ನ ಸೆರಗು ಬೆಂಕಿಯಲ್ಲಿರುತ್ತಿತ್ತು.

"ಸಾಕು ಮಾಡಪ" ಎಂದು ಅತ್ತೆ ಮಣೆಯನ್ನು ಹೊರಗೆ ತಂದಿಟ್ಟರು. "ಆಕಿ ಒಲಿಯಾಗ ಬಿದ್ರ ಯಾರು ಹೊಣಿ? ಆಕಿ ಹಣೇಬರ ಇದ್ದಂಗ ಆಗ್ಲಿ."

ಬಡಿಗೇರಣ್ಣ ಮಣೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋದರು. ನಾನು ಮೆಟ್ರಿಗೆ ಹೊರಡುವುದು ಖಂಡಿತ ಎಂದುಕೊಂಡೆ. ಮಗಳ ಬಟ್ಟೆಗಳನ್ನು ಮಡಚಿ ಬೇರೆ ಇಟ್ಟೆ ಕೂಡ.

ಆದರೆ ಮಾರನೆಯ ದಿನ ಗೋಡೆಯಾಚೆ ಬಡಿಗೇರಕ್ಕ ಬಿದ್ದು ಬಿದ್ದು ನಗುತ್ತಿದ್ದರು. ಇಣುಕಿ ನೋಡಿದೆ. ಬಡಿಗೇರಣ್ಣ ತಮ್ಮ ಬಲಗಾಲಿಗೆ ತೊಡೆಯಿಂದ ಮೀನಖಂಡದವರೆಗೆ ಎರಡು ಮರದ ರೀಪು ಕಟ್ಟಿಕೊಂಡು, ಮೊಣಕಾಲು ಮಡಚದಂತೆ ಮಾಡಿಕೊಂಡು, ಮಣೆಯ ಮೇಲೆ ಕೂತು ತಮ್ಮ ಹಿತ್ತಲ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಜೋಳದ ಹಿಟ್ಟು ಮೀಸೆಗೆಲ್ಲ ಅಂಟಿತ್ತು. ರೊಟ್ಟಿ ನಮ್ಮ ಮದ್ರಾಸು ಸರ್ಕಾರದ ನಕಾಶೆಯ ಹಾಗೆ ಆಗಿತ್ತು. ಅದನ್ನು ಹೆಂಚಿಗೆ ಹಾಕಲು ಬಾಗಿದವರೇ ನನ್ನಂತೆಯೇ ಎಡಕ್ಕೆ ಉರುಳಿದರು. ಬಿದ್ದಲ್ಲಿಂದಲೇ, "ಬಲಗಡಿ ತೊಡಿ ಎತ್ತಿ ಹಿಡಿಯಾಕ ಹತ್ತೈತಿ ನೋಡು, ಅದಕ್ಕ ನೂಕತೈತಿ" ಎಂದು ಹೆಂಡತಿಗೆ ವಿವರಿಸಿದರು.

"ಮೊದಲು ಏಳ್ರಿ" ಎಂದರು ಬಡಿಗೇರಕ್ಕ.

ಓಣಿಯೆಲ್ಲ ನೋಡಲು ಬಂತು. ಕುರ್ಚಿ ಬಡಿಗೇರನಿಗೆ ಗಾಳಿ ಹಿಡಿದಿದೆ ಎಂದರು ಕೆಲವರು. ಅವರು ಆ ರೀಪು ಕಟ್ಟಿಕೊಂಡೇ ಓಡಾಡಿದರು, ಕೂತರು, ಎದ್ದರು, ಬಿದ್ದರು, ಮತ್ತೆ ಮತ್ತೆ ಬಾಚಿಯಿಂದ ಮಣೆಯನ್ನು ಅಲ್ಲಿಷ್ಟು ಇಲ್ಲಿಷ್ಟು ಕೆತ್ತಿದರು. ಕೊನೆಗೆ ಅದನ್ನು ಒಲೆಗೆ ಹಾಕಲು ಹೆಂಡತಿಗೆ ಕೊಟ್ಟು ಹೊಸದನ್ನೇ ಮಾಡಿದರು.

ಹೊಸ ಮಣೆ ದುಂಡಗಿರಲಿಲ್ಲ, ಚೌಕವೂ ಅಲ್ಲ. ಬಲಗಡೆಯ ಮುಂದಿನ ಮೂಲೆಯನ್ನು ಇಳಿಜಾರಾಗಿ ಕೆತ್ತಿ ತೆಗೆದಿದ್ದರು. ನನ್ನ ಬಲತೊಡೆ ಅಲ್ಲಿ ಕೆಳಗಿಳಿದು, ಹಿಮ್ಮಡಿ ತಾನಾಗಿ ನೆಲ ಮುಟ್ಟುತ್ತಿತ್ತು. ಮಣೆಯ ಎಡಗಡೆಯ ಕಾಲು ಹೊರಕ್ಕೆ ಚಾಚಿತ್ತು, ಎಷ್ಟು ಬಾಗಿದರೂ ಉರುಳುವಂತಿರಲಿಲ್ಲ. ಬಾಗಿಲಲ್ಲಿ ಇಟ್ಟು, "ಅಮ್ಮಾರ, ಇದೊಂದು ಸಲ ನೋಡ್ರಿ. ಬಿದ್ರ ನಾನು ಕುರ್ಚಿ ಕೆಲಸ ಬಿಟ್ಟು ಚೋರನೂರಿಗೆ ಹೋಗಿ ನೇಗಿಲು ಮಾಡ್ತೀನಿ" ಎಂದರು.

ಅತ್ತೆ ನನ್ನ ಸೆರಗನ್ನು ತಾವೇ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಹಿಂದೆಯೇ ಕೈ ಚಾಚಿಕೊಂಡು ನಿಂತರು. ನಾನು ಕೂತೆ. ಬಾಗಿದೆ. ಇನ್ನೂ ಬಾಗಿದೆ. ಬೀಳಲಿಲ್ಲ. ಹಿಟ್ಟು ಕೊಡಿ ಎಂದೆ. ಬಹಳ ದಿನಗಳ ಮೇಲೆ ನನ್ನ ಕೈ ಹಲಗೆಗೆ ಬಡಿದ ಸದ್ದು ನನಗೇ ಹೊಸದಾಗಿ ಕೇಳಿಸಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಬಡಿಗೇರಣ್ಣ ಆ ಸದ್ದು ಕೇಳಿ, "ಮತ್ತ ಬಡಿ" ಎಂದು ಕೂಗಿದರು.

ಹೊಸ ಮಣೆ ಮೊದಲಿನದಕ್ಕಿಂತ ಎತ್ತರವಾದದ್ದರಿಂದ ಒಲೆ ತಗ್ಗಾಯಿತು. ಆ ವಾರವೇ ಅತ್ತೆ ಕೆಮ್ಮಣ್ಣು ತರಿಸಿ, ತಮ್ಮ ಕೈಯಾರೆ ಕಟ್ಟೆ ಕಟ್ಟಿ ಅದರ ಮೇಲೆ ಒಲೆ ಹಾಕಿದರು. ಬೀಸುಕಲ್ಲೂ ಒಂದು ಕಲ್ಲಿನ ಪೀಠ ಏರಿತು. ಎಲ್ಲಿ ಎಷ್ಟು ಎತ್ತರ ಎನ್ನುವುದಕ್ಕೆ ಅತ್ತೆ ದಿನಾ ಗೋಡೆಯ ಹತ್ತಿರ ನಿಂತು ಬಡಿಗೇರಣ್ಣನ ಜೊತೆ ವಾದ ಮಾಡುತ್ತಿದ್ದರು. ಹೆಚ್ಚಿನ ಸಲ ಗೆಲ್ಲುತ್ತಿದ್ದುದು ಅತ್ತೆಯೇ.

ಕಂಪ್ಲಿಯ ದೊಡ್ಡವ್ವ ಹುಡುಗಿಯ ಮಾತು ಮುಗಿಸಿಕೊಂಡೇ ಬಂದರು. ಬಂದವರು ಸೀದಾ ಅಡಿಗೆಮನೆಗೆ ನುಗ್ಗಿದರು. ನಾನು ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಕೆಳಗೆ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ಏಳಲು ಹೋದ ನನ್ನನ್ನು ಅತ್ತೆ ಕಣ್ಣಿನಲ್ಲೇ ತಡೆದರು.

"ಏನೇ ಇದು? ಸೊಸಿನ ಕುರ್ಚಿ ಮ್ಯಾಲ ಕುಂದ್ರಿಸಿ ನೀನು ನೆಲಕ್ಕ ಕುಂತೀಯಲ್ಲ" ಎಂದರು ದೊಡ್ಡವ್ವ.

"ಅದು ಕುರ್ಚಿ ಅಲ್ಲಕ್ಕ, ಮಣಿ. ಅಳತಿ ಕೊಟ್ಟು ಮಾಡಿಸಿದಾಕಿ ನಾನು."

"ಹಂಗಾರ ಆ ಹುಡುಗಿ ಮನಿಯೋರಿಗೆ ನಾನೇನು ಹೇಳ್ಲಿ?"

ಅತ್ತೆ ಬದನೆಕಾಯಿಯ ತೊಟ್ಟು ತೆಗೆದು ಪಕ್ಕಕ್ಕಿಟ್ಟರು. "ಬ್ಯಾಡ ಅಂತ ಹೇಳು. ನನ್ನ ಸೊಸಿ ರೊಟ್ಟಿ ಬಡೀತಾಳ. ಕುಂದ್ರು, ಬಿಸೀದು ಒಂದು ತಿನ್ನು."

ದೊಡ್ಡವ್ವ ಕೂರಲು ಹೋಗಿ ಎರಡೂ ಮೊಣಕಾಲು ಹಿಡಿದುಕೊಂಡು "ಯಪ್ಪಾ" ಎಂದರು. ಅವರಿಗೂ ಮಂಡಿನೋವಿತ್ತು. ಅತ್ತೆ ನನ್ನನ್ನು ಎಬ್ಬಿಸಿ ಅವರನ್ನು ಆ ಮಣೆಯ ಮೇಲೆ ಕೂರಿಸಿದರು. ಅವರು ಬಹಳ ಹೊತ್ತು ಏಳಲಿಲ್ಲ. ಹೊರಡುವ ಮೊದಲು ಬೇವಿನ ದಿಮ್ಮಿಯ ಮೇಲೆ ಕೂತು ಬಡಿಗೇರಣ್ಣನ ಜೊತೆ ಮಾತಾಡಿಯೇ ಹೋದರು. ಎರಡನೆಯ ಮದುವೆಯ ಮಾತು ಮತ್ತೆ ನಮ್ಮ ಮನೆಯಲ್ಲಿ ಏಳಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಹೊಸಪೇಟೆಯಲ್ಲಿ ಇಷ್ಟೊಂದು ಹೆಂಗಸರಿಗೆ ಮಂಡಿನೋವು ಇತ್ತೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಬಾಣಂತನದಲ್ಲಿ ಸೊಂಟ ಹಿಡಿದವರು, ವಯಸ್ಸಾದವರು, ಸೊಸೆಗೆ ಬೇಕೆಂದು ಹೇಳಿ ತಮಗೇ ಮಾಡಿಸಿಕೊಂಡ ಅತ್ತೆಯರು, ಎಲ್ಲರೂ ಬಂದರು. ಬೇವಿನ ದಿಮ್ಮಿಗೆ ಬಿಡುವಿರಲಿಲ್ಲ. ಜನ ಅವರನ್ನು ಮಣೆ ಬಡಿಗೇರ ಎನ್ನತೊಡಗಿದರು. ಇದು ಅವರಿಗೆ ಒಂಚೂರೂ ಹಿಡಿಸಲಿಲ್ಲ.

"ಕಂಪ್ಲಿ ಸಾಹುಕಾರ್ರ ಕುರ್ಚಿ ಮಾಡಿದ ಕೈ ಇದು. ಮಣಿ ಬಡಿಗೇರ ಅಂತಾರ" ಎಂದು ಗೋಡೆಯ ಬಳಿ ಬಂದು ನನ್ನ ಮೇಲೆ ಸಿಡುಕುತ್ತಿದ್ದರು. ಎಲ್ಲ ನಿನ್ನಿಂದ ಆದದ್ದು ಎನ್ನುವ ಹಾಗೆ.

ಯುದ್ಧ ಶುರುವಾದ ಮೇಲೆ ಒಳ್ಳೆಯ ಮರ ಸಿಗದಾಯಿತು. ಊರಿನ ಬಡಿಗರೆಲ್ಲ ದಂಡಿಗೆ ಪೆಟ್ಟಿಗೆ ಮಾಡುವ ಕೆಲಸಕ್ಕೆ ಹೋದರು. ಇವರು ಮುರಿದ ಬಂಡಿ, ಬಿದ್ದ ಮನೆಯ ಬಾಗಿಲು ಕೊಂಡುತಂದು ಕೆಲಸ ನಡೆಸಿದರು. ಅದಾದ ಮೇಲೆ ಹೊಳೆಗೆ ದೊಡ್ಡ ಅಣೆಕಟ್ಟೆ ಕಟ್ಟುತ್ತಾರೆಂದು ಸುದ್ದಿಯಾಗಿ ಊರಿಗೆ ಹೊಸ ಹೊಸ ಜನ ಬಂದರು. ಕಂತ್ರಾಟದಾರನೊಬ್ಬ ಬಂದು, ಕಚೇರಿಗಳಿಗೆ ಮೇಜು ಕುರ್ಚಿ ರಾಶಿ ರಾಶಿ ಬೇಕು, ನೀವು ಮೇಸ್ತ್ರಿಯಾಗಿ ಬನ್ನಿ, ಹತ್ತಾರು ಬಡಿಗರು ನಿಮ್ಮ ಕೈಕೆಳಗೆ ಇರುತ್ತಾರೆ ಎಂದ. ಬಡಿಗೇರಕ್ಕ ಅಂಗಿ ಒಗೆದುಕೊಟ್ಟು, ಹೊಸ ರುಮಾಲು ಕೊಡಿಸಿ ಕಳಿಸಿದರು. ಊಟದ ಹೊತ್ತಿಗೆ ಇವರು ಚಪ್ಪರದ ಕೆಳಗೆ ಹಾಜರ್.

"ಯಾಕ, ಏನಾತು?" ಎಂದರು ಬಡಿಗೇರಕ್ಕ.

"ಕುರ್ಚಿ ಮಾಡಾಕ ಹತ್ಯಾರ. ಇದರಾಗ ಕುಂದ್ರೋರು ಯಾರು ಅಂತ ಕೇಳಿದೆ. ಯಾರಿಗೂ ಗೊತ್ತಿಲ್ಲ. ಕುಂದ್ರೋರ ಮುಖ ನೋಡ್ದ ಹೆಂಗ ಮಾಡ್ಲಿ?"

"ಮುಖದ ಮ್ಯಾಲ ಕುಂದ್ರಂಗಿಲ್ಲ ಅವರು" ಎಂದರು ಬಡಿಗೇರಕ್ಕ. ಆದರೂ ತಾಟು ಹಾಕಿ ಉಣಬಡಿಸಿದರು. ಆ ರುಮಾಲನ್ನು ಇವರು ರಂದ ಒರೆಸಲು ಇಟ್ಟುಕೊಂಡರು.

ನಾವು ಆಗಲೇ ಸಂಡೂರಿಗೆ ಹೋಗುವುದು ನಿಶ್ಚಯವಾಗಿತ್ತು. ನಮ್ಮ ಯಜಮಾನರು ಅಲ್ಲಿ ಸ್ವಂತದ ಒಂದು ಕಿರಾಣಿ ಅಂಗಡಿ ಹಾಕಿದರು. ಸಂಡೂರು ಆಗ ರಾಜರ ಸೀಮೆ. ಹತ್ತಿರದ ಊರೇ ಆದರೂ ಬೇರೆ ದೇಶಕ್ಕೆ ಹೋದಂತೆ ಅತ್ತೆ ಅತ್ತರು. ಅಲ್ಲಿ ಹೋದ ಎರಡನೆಯ ಮಳೆಗಾಲದಲ್ಲಿ ಅವರು ಲಿಂಗೈಕ್ಯರಾದರು.

ಬಡಿಗೇರಣ್ಣ ಹೊನ್ನೆ ಮರ ನೋಡಲು ಸಂಡೂರಿಗೆ ಬಂದದ್ದು ಹೋದ ವರ್ಷ. ಬಂಡಿಯನ್ನು ಅಂಗಡಿಯ ಮುಂದೆ ಬಿಟ್ಟು ಬಂದು ನಮ್ಮ ಜಗಲಿಯ ಮೇಲೆ ಕೂತರು. ಮೀಸೆ ಬೆಳ್ಳಗಾಗಿತ್ತು, ಬಾಯಿ ಮಾತ್ರ ಹಾಗೆಯೇ ಇತ್ತು. ಅತ್ತೆ ಇಲ್ಲದ್ದನ್ನು ನೆನೆದು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ನಾನು ರೊಟ್ಟಿಗೆ ಹಿಟ್ಟು ಕಲಸಿಟ್ಟು ಬಂದಿದ್ದೆ.

"ಒಳಗ ಬರ್ರಿ ಅಣ್ಣಾರ, ಊಟಕ್ಕ" ಎಂದೆ.

"ಇಲ್ಲೇ ಅರಾಮ ಐತಿ ತಂಗಿ. ಇಲ್ಲಿಗೆ ತಂದುಕೊಡು."

"ಇಲ್ಲಿಗೆ ತರೋದ್ರಾಗ ರೊಟ್ಟಿ ಆರ್ತೈತ್ರಿ. ಅಡಿಗಿಮನಿಗೆ ಬರ್ರಿ."

ಅವರು ನನ್ನನ್ನು ನೋಡಿದರು. ಆಮೇಲೆ ನಮ್ಮ ಯಜಮಾನರನ್ನು ನೋಡಿದರು. ನಾನೂ ನೋಡಿದೆ. ಬಡಿಗೇರಣ್ಣನನ್ನು ಅಡಿಗೆಮನೆಗೆ ಕರೆಯುವ ಮಾತನ್ನು ನಾನು ಯಜಮಾನರಲ್ಲಿ ಮೊದಲು ಕೇಳಿರಲಿಲ್ಲ. ಅವರು ತಕ್ಕಡಿಯನ್ನು ಕೆಳಗಿಟ್ಟು, ಎದ್ದು, ಚೊಂಬಿನಲ್ಲಿ ನೀರು ತಂದು ಬಡಿಗೇರಣ್ಣನ ಕಾಲಿಗೆ ತಾವೇ ಹಾಕಿದರು.

"ಆಕಿ ಕರದಾಳ. ನಡ್ರಿ, ನಾನೂ ಬರ್ತೀನಿ" ಎಂದರು.

ಬಡಿಗೇರಣ್ಣ ತಲೆ ಬಗ್ಗಿಸಿ ಹೊಸ್ತಿಲು ದಾಟಿ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ನಾನು ನನ್ನ ಮಣೆಯ ಮೇಲೆ ಕೂತು ಹಿಟ್ಟು ತಟ್ಟತೊಡಗಿದೆ. ಆಗ ನನಗೆ ಹೊಳೆಯಿತು: ಅವರು ಅದನ್ನು ಮಾಡಿಕೊಟ್ಟು ಇಷ್ಟು ವರ್ಷವಾದರೂ ನಾನು ಅದರ ಮೇಲೆ ಕೂತದ್ದನ್ನು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಗಿ ಕೈ ನಿಂತಿತು.

"ಬಡಿ ಬಡಿ, ನಿಲ್ಲಿಸಬ್ಯಾಡ" ಎಂದರು. ಎದ್ದು ಎಡಗಡೆ ಬಂದು ನೋಡಿದರು. ಬಲಗಡೆ ಬಂದು, ಕುಕ್ಕರಗಾಲಲ್ಲಿ ಕೂತು, ನನ್ನ ಹಿಮ್ಮಡಿ ನೆಲಕ್ಕೆ ತಾಗುವುದನ್ನು ನೋಡಿದರು. ತಿರುಗಿ ಗೋಡೆಯ ಬಳಿ ಹೋಗಿ ಕೂತು, ರುಮಾಲಿನಿಂದ ಮುಖ ಒರೆಸಿಕೊಂಡರು. ಒಲೆಯ ಹೊಗೆ ಎಂದರು.

"ನಿಮ್ಮತ್ತಿಯೋರು ಅಳತಿ ಛಲೋ ಕೊಟ್ಟಿದ್ರು" ಎಂದರು ಆಮೇಲೆ.

ನಮ್ಮ ಯಜಮಾನರು ಅವರ ಪಕ್ಕದಲ್ಲಿಯೇ ಕೂತು ತಮ್ಮ ಗಂಗಾಳವನ್ನೂ ಎಳೆದುಕೊಂಡರು. ಉಬ್ಬಿದ ರೊಟ್ಟಿಯನ್ನು ಹೆಂಚಿನಿಂದ ನೇರವಾಗಿ ಬಡಿಗೇರಣ್ಣನ ಗಂಗಾಳಕ್ಕೆ ಹಾಕಿದೆ. ಅವರು ಅದನ್ನು ಮುರಿದರು, ಬಿಸಿ ಉಗಿ ಅವರ ಮೀಸೆಗೆ ಹೊಡೆಯಿತು. ತಿಂದು ಮುಗಿಸಿ, ಗಂಗಾಳವನ್ನು ನನ್ನ ಕಡೆಗೆ ಸರಿಸಿ, "ಇನ್ನೊಂದು ಹಾಕವ್ವ, ಒಂದೀಟು ಕೆಂಪಗಾಗ್ಲಿ" ಎಂದರು.